ಜಯಕರರ ಕೈಗೆ ಬಂದ ಸಮನ್ಸ್

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಯಾರೋ ಬಾಗಿಲು ಬಡಿದರು. ಕುಸುಮಾವತಿ ಕಿಟಕಿಯ ಪರದೆ ಸರಿಸಿ ನೋಡಿದವರೇ ಗಂಡನ ತೋಳು ಹಿಡಿದರು. ಹೊರಗೆ ಸಮವಸ್ತ್ರ ತೊಟ್ಟ ಒಬ್ಬ ನಿಂತಿದ್ದ.

"ತೆಗೀಬೇಡಿ ಮಾರಾಯ್ರೆ. ಹೋದ ತಿಂಗಳು ಪಕ್ಕದ ಮನೆ ಶರ್ಮಿಳಾಗೆ ಪೊಲೀಸ್ ಅಂತ ಹೇಳಿ ಫೋನ್ ಬಂದದ್ದು ಪೂರಾ ಮೋಸ ಅಲ್ವಾ?"

"ಅದು ಫೋನು. ಇವನ ಕಾರು ಅಲ್ಲೇ ಉಂಟು, ಶೆರಿಫ್ ಅಂತ ಬರೆದಿದೆ, ನಿಜವಾದ ಪೊಲೀಸೇ," ಎನ್ನುತ್ತ ಜಯಕರ ಬಾಗಿಲು ತೆರೆದರು.

ಬಂದವನು ಹೆಸರು ಕೇಳಿದ. ಹೌದೆಂದ ಕೂಡಲೇ ದಪ್ಪ ಲಕೋಟೆಯೊಂದನ್ನು ಕೈಗಿಟ್ಟು ಹೊರಟುಹೋದ.

ಜಯಕರ ಅಮೆರಿಕದ ಷಾರ್ಲೆಟ್‌ನ ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಹನ್ನೆರಡು ವರ್ಷದಿಂದ ಇದ್ದವರು. ಕೋರ್ಟಿನ ಗೊಡವೆಗೆ ಹೋದವರಲ್ಲ. ಲಕೋಟೆಯಲ್ಲಿದ್ದದ್ದು ಸಮನ್ಸ್. ಕೇಸು ಹಾಕಿದ್ದು ಅವರ ಮೇಲಲ್ಲ, 'ಮೈತ್ರಿ ಸೀನಿಯರ್ ಕೇರ್' ಎಂಬ ವೃದ್ಧರ ಆರೈಕೆ ಕೇಂದ್ರದ ಮೇಲೆ. ಆದರೆ ಕೆಳಗೆ 'ರಿಜಿಸ್ಟರ್ಡ್ ಏಜೆಂಟ್' ಎಂದಿದ್ದಲ್ಲಿ ಇವರದೇ ಹೆಸರು, ಇದೇ ಮನೆಯ ವಿಳಾಸ.

"ಮೈತ್ರಿ ಅಂದ್ರೆ ಕೇಶವಮೂರ್ತಿಯದ್ದಲ್ವಾ?" ಎಂದರು ಕುಸುಮಾವತಿ.

ಹೌದು. ಮೈಸೂರಿನ ಕೇಶವಮೂರ್ತಿ ಕನ್ನಡ ಸಂಘದಲ್ಲಿ ಪರಿಚಯವಾದವರು. ಜಯಕರ ಲ್ಯಾಪ್‌ಟಾಪ್ ತೆರೆದು ಹುಡುಕಿದರು. ಕಂಪನಿಯ ಪರವಾಗಿ ಕೋರ್ಟಿನ ಕಾಗದ ತೆಗೆದುಕೊಳ್ಳುವವನೇ ರಿಜಿಸ್ಟರ್ಡ್ ಏಜೆಂಟ್; ಅವನಿಗೆ ಕೊಟ್ಟರೆ ಕಂಪನಿಗೇ ಕೊಟ್ಟಂತೆ. ಕಂಪನಿ ಮೂವತ್ತು ದಿನದೊಳಗೆ ಉತ್ತರಿಸಬೇಕು. ರಾಜ್ಯದ ವೆಬ್‌ಸೈಟಿನಲ್ಲಿ ಎರಡು ವರ್ಷದಿಂದ ಇವರ ಹೆಸರೇ ಇತ್ತು. ಆಗ ಕೇಶವಮೂರ್ತಿ ಕೇಳಿದ್ದು ಇಷ್ಟೇ: ಮನೆ ಶಿಫ್ಟ್ ಮಾಡ್ತಿದ್ದೀವಿ, ಸ್ವಲ್ಪ ದಿನ ನಿಮ್ಮ ಅಡ್ರೆಸ್ ಕೊಡ್ಲಾ? ಇವರು ಹೂಂ ಎಂದಿದ್ದರು.

ಉಳಿದ ಹಾಳೆಗಳನ್ನು ಓದಿದರು. ಮರೆವಿನ ಕಾಯಿಲೆಯಿದ್ದ ಎಂಬತ್ತೊಂದು ವರ್ಷದ ಹೆಂಗಸೊಬ್ಬಳು ಜನವರಿಯ ಒಂದು ಮಧ್ಯಾಹ್ನ ಕೇಂದ್ರದ ಹಿಂಬಾಗಿಲಿನಿಂದ ಹೊರಗೆ ನಡೆದು, ಹಿಮದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಎರಡು ಗಂಟೆ ಯಾರಿಗೂ ಗೊತ್ತಾಗಿರಲಿಲ್ಲ. ಬಾಗಿಲಿನ ಅಲಾರಂ ಕೆಟ್ಟಿತ್ತೆಂದು ಅವಳ ಮಗ ದೂರಿದ್ದ.

ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಕೇಶವಮೂರ್ತಿ ಬಂದರು. ಕಾಗದ ಏನೆಂದು ಕೇಳಲಿಲ್ಲ.

"ನೀವು ಇದನ್ನ ತಗೊಂಡಿದ್ದು ಯಾರಾದ್ರೂ ನೋಡಿದ್ರಾ?"

"ಕೊಟ್ಟವನೇ ನೋಡಿದ್ದಾನಲ್ಲ."

"ಅವನೊಬ್ಬ ತಾನೆ! ಇವತ್ತು ಊರಲ್ಲಿ ಇರ್ಲಿಲ್ಲ ಅಂತ ಹೇಳ್ಬಿಡಿ ಸರ್. ನಾನೇ ಟೈಪ್ ಮಾಡಿ ತರ್ತೀನಿ, ನೀವು ಸೈನ್ ಮಾಡಿದ್ರೆ ಸಾಕು. ಸ್ವಲ್ಪ ಟೈಮ್ ಸಿಗುತ್ತೆ."

"ನನ್ನ ಹೆಸರು ಹಾಕುವಾಗ ಒಂದು ಮಾತು ಕೇಳ್ಬಹುದಿತ್ತಲ್ಲ?"

"ಕೇಳಿದ್ನಲ್ಲ ಸರ್! ನೀವೇ ಹೂಂ ಅಂದ್ರಿ."

ಜಯಕರರಿಗೆ ಇನ್ನೊಂದು ಸಂಗತಿ ನೆನಪಾಯಿತು. ಫೆಬ್ರವರಿಯಲ್ಲಿ ಇದೇ ವಿಳಾಸಕ್ಕೆ ಬಂದ ಇನ್ನೊಂದು ಕಾಗದವನ್ನು ಅವರು ಸಹಿ ಹಾಕಿ ಪಡೆದು, ಒಡೆಯದೆ ಕೇಶವಮೂರ್ತಿಗೆ ಮುಟ್ಟಿಸಿದ್ದರು. ಇನ್ಶೂರೆನ್ಸ್‌ನವರದು ಎಂದಿದ್ದರು ಆಗ ಕೇಶವಮೂರ್ತಿ. ಈಗ ಕೇಳಿದರೆ, "ನೆನಪಿಲ್ಲ ಸರ್" ಎಂದು ಮುಖ ತಿರುಗಿಸಿದರು. ಅದೂ ಇದೇ ವಿಷಯದ್ದಿರಬೇಕು; ಇಂಥ ಕಾಗದ ಕಳೆದುಹೋಗಲಿ ಎಂದೇ ನನ್ನ ವಿಳಾಸ ಕೊಟ್ಟಿದ್ದರೋ ಏನೋ. ಹನ್ನೆರಡು ವರ್ಷದ ಸ್ನೇಹದಲ್ಲಿ ಇನ್ನೇನೇನು ನಂಬಿದ್ದೆನೋ ಎಂದುಕೊಂಡರು ಜಯಕರ.

"ನಾನು ಮನೆಯಲ್ಲೇ ಇದ್ದೆ. ಸುಳ್ಳಿಗೆ ಸಹಿ ಹಾಕುವುದಿಲ್ಲ," ಎಂದರು. ಕೇಶವಮೂರ್ತಿ ಚಹಾ ಮುಟ್ಟಲಿಲ್ಲ. ಲಕೋಟೆಯನ್ನೂ ಮೇಜಿನ ಮೇಲೇ ಬಿಟ್ಟು ಹೋದರು.

ಸೋಮವಾರ ಜಯಕರ ರಜೆ ಹಾಕಿ, ಕಾಗದಗಳ ನಕಲು ಮಾಡಿಸಿಕೊಂಡು ಕೇಂದ್ರಕ್ಕೆ ಹೋದರು. ರಿಸೆಪ್ಷನ್ ಡೆಸ್ಕಿನಲ್ಲಿದ್ದ ಇಂದು ಎಂಬ ಹುಡುಗಿ ಲಕೋಟೆಯನ್ನೂ ಅವರನ್ನೂ ಸಂಶಯದಿಂದ ನೋಡಿದಳು.

"ನೀವು ಕೇಶವಮೂರ್ತಿ ಸರ್ ಫ್ರೆಂಡ್ ಅಲ್ವಾ ಅಂಕಲ್? ನನ್ನ ಕೈಲಿ ಯಾಕೆ ಕೊಡ್ತಿದ್ದೀರಾ? ಆಮೇಲೆ ನಾನೇ ಕಳೆದೆ ಅಂತ ಹೇಳೋಕಾ?"

"ಅಲ್ಲಮ್ಮ. ಕಳೆಯಬಾರದು ಅಂತಲೇ. ಪಡೆದಿದ್ದೇನೆ ಅಂತ ಈ ನಕಲಿನ ಮೇಲೆ ತಾರೀಖು ಹಾಕಿ ಕೊಡು."

ಅವಳು ಮೊದಲ ಹಾಳೆಯನ್ನು ನಿಧಾನವಾಗಿ ಓದಿದಳು. ಸಹಿ ಹಾಕಿದ ಮೇಲೆ ದನಿ ತಗ್ಗಿಸಿ, "ಆ ಅಲಾರಂ ಮೂರು ವಾರದಿಂದ ವರ್ಕ್ ಆಗ್ತಿರ್ಲಿಲ್ಲ. ನಾನು ಎರಡು ಸಲ ಇಮೇಲ್ ಮಾಡಿದ್ದೆ. ಯಾರೂ ನನ್ನ ಕೇಳೇ ಇಲ್ಲ," ಎಂದಳು.

"ಕೇಳ್ತಾರೆ. ಕೇಳಿದಾಗ ಹೇಳ್ತೀಯಾ?"

"ಹೇಳ್ತೀನಿ," ಎಂದಳು.

ಅಲ್ಲಿಂದ ಮನೆಗೆ ಬಂದವರೇ ಜಯಕರ ಏಜೆಂಟ್ ಸ್ಥಾನಕ್ಕೆ ರಾಜೀನಾಮೆ ಬರೆದು ರಾಜ್ಯದ ಕಚೇರಿಗೆ ಕಳುಹಿಸಿದರು.

ಕಂಪನಿ ಕೊನೆಗೂ ಕೋರ್ಟಿಗೆ ಉತ್ತರ ಕೊಟ್ಟಿತು. ಕಾಗದ ತಮಗೆ ಮುಟ್ಟಲೇ ಇಲ್ಲ ಎಂಬ ಮಾತು ಅದರಲ್ಲಿತ್ತು. ಆ ಹೆಂಗಸಿನ ಮಗನ ವಕೀಲರು ಕರೆದು ಕೇಳಿದಾಗ ಜಯಕರ, "ನನ್ನ ಕೈಗೇ ಕೊಟ್ಟರು," ಎಂದು ಹೇಳಿ, ಇಂದುವಿನ ಸಹಿಯಿದ್ದ ನಕಲನ್ನು ಮುಂದಿಟ್ಟರು. ಆಮೇಲೆ ಇಂದುವಿನ ಇಮೇಲುಗಳೂ ಹೊರಬಂದವು. ಚಳಿಗಾಲಕ್ಕೆ ಮೊದಲೇ ಕಂಪನಿ ರಾಜಿಗೆ ಬಂತು.

ಸಂಘದ ಪಿಕ್ನಿಕ್ಕಿನಲ್ಲಿ ಕೇಶವಮೂರ್ತಿ ಇವರನ್ನು ಕಂಡು ಬೇರೆ ಟೇಬಲ್ಲಿಗೆ ಹೋದರು. ಕೆಲವರು, ಸ್ನೇಹಿತನನ್ನೇ ಸಿಕ್ಕಿಸಿಹಾಕಿದ ಎಂದು ಆಡಿಕೊಂಡದ್ದು ಜಯಕರರ ಕಿವಿಗೂ ಬಿತ್ತು. ಊಟ ರುಚಿಸಲಿಲ್ಲ.

ಕಾರಿನಲ್ಲಿ ಕುಸುಮಾವತಿ ಕೇಳಿದರು. "ಆ ಅಜ್ಜಿ ಈಗ ಹೇಗಿದ್ದಾರಂತೆ?"

"ವಾಕರ್ ಹಿಡಿದು ನಡೀತಾರಂತೆ. ಮಗನ ಮನೆಯಲ್ಲೇ ಇದ್ದಾರಂತೆ."

"ಹಾಗಾದ್ರೆ ಸಾಕು," ಎಂದರು ಅವರು.