ಅನ್ನಮ್ಮ ಹೆಸರು ಹಿಡಿದರೆ

ಪ್ಲೇಗು ಬಂದು ಹೋದ ಮೇಲೆ ತಳಕಲ್ ಸೀಮೆಯ ಆ ಹಳ್ಳಿಯವರಿಗೆ ಎರಡರ ಭಯ ಉಳಿದಿತ್ತು. ಒಂದು, ಮಾಡಿನಿಂದ ಬೀಳುವ ಸತ್ತ ಇಲಿ. ಇನ್ನೊಂದು, ಅನ್ನಮ್ಮನ ಬಾಯಿ.

ಪಾಪ, ಅನ್ನಮ್ಮ ಯಾರಿಗೂ ಕೇಡು ಬಯಸಿದವಳಲ್ಲ. ಮಾರೆವ್ವ ಎಂದು ಹುಟ್ಟಿ, ಕೇರಿಯ ನಾಲ್ಕಾರು ಮನೆಗಳ ಜೊತೆ ದೀಕ್ಷಾಸ್ನಾನ ಪಡೆದು ಅನ್ನಮ್ಮ ಆದವಳು. ಯಲಬುರ್ಗಿ ಕಡೆಯಿಂದ ಸೈಕಲ್ ತುಳಿದು ಬರುವ ಪಾದ್ರಿಗಳು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಗುರುವಾರ ಹೊತ್ತು ಮುಳುಗುವ ಮುಂಚೆ ಎಲ್ಲರೂ ಅವಳ ಅಂಗಳದಲ್ಲಿ ಕೂಡಬೇಕು. ತಮಗಾಗಿ ಏನೂ ಬೇಡಬಾರದು. ಪರರ ಹೆಸರು ಹಿಡಿದು ಅನ್ನಮ್ಮ ಬೇಡಬೇಕು, ಉಳಿದವರು ಆಮೆನ್ ಅನ್ನಬೇಕು.

ಕೇರಿಯಾಚೆಯವರೂ ಹೆಸರು ಕಳಿಸುತ್ತಿದ್ದರು. ಆದರೆ ಯಾವಾಗ? ಮೊದಲು ಮನೆಮದ್ದು, ಆಮೇಲೆ ಹಕೀಮ, ಆಮೇಲೆ ಹುಲಿಗೆಮ್ಮನಿಗೆ ಹರಕೆ. ಎಲ್ಲ ಮುಗಿದು ರೋಗಿಯ ಕೈಕಾಲು ತಣ್ಣಗಾದ ಮೇಲೆ ಒಂದು ಬೊಗಸೆ ಜೋಳ ಕಳಿಸಿ, ಅವಳಿಗೆ ಹೆಸರು ಹಿಡಿಯಲು ಹೇಳುತ್ತಿದ್ದರು. ಅಷ್ಟೊತ್ತಿಗೆ ಹೊರಗೆ ಗುದ್ದಲಿ ಹುಡುಕುವುದು ನಡೆದಿರುತ್ತಿತ್ತು. ಅವಳು ಹೆಸರು ಹಿಡಿದವರು ಸತ್ತರು, ಸಾಯದೆ ಇನ್ನೇನು ಮಾಡಿಯಾರು? ಮಂದಿಗೆ ಅಷ್ಟು ಸಾಕಾಯಿತು. ಅವಳು ಹಾದು ಹೋಗುವಾಗ ತಾಯಂದಿರು ಮಕ್ಕಳನ್ನು ಹೆಸರಿಟ್ಟು ಕರೆಯುವುದನ್ನೇ ಬಿಟ್ಟರು. ಹಿಡಿದು ಎಳೆದುಕೊಂಡು ಒಳಗೆ ಹೋಗುತ್ತಿದ್ದರು.

ಅನ್ನಮ್ಮನಿಗೆ ಇದು ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು. ಅವಳು ಹೆಸರು ಹಿಡಿದವರಲ್ಲಿ ಅವಳ ಮಗಳು ಪಾರಮ್ಮನೂ ಇದ್ದಳು. ದೇವರಿಗೆ ನನ್ನ ಮಾತು ತಿರುಗಾಮುರುಗಾ ಮುಟ್ಟುತ್ತದೆಯೇ ಎಂದು ಒಮ್ಮೊಮ್ಮೆ ಅನಿಸಿ, ಹಾಗೆ ಅನಿಸಿದ್ದಕ್ಕೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಈಚೆಗೆ ಗುರುವಾರದ ಆಮೆನ್ ಕೂಡ ತಡವಾಗಿ, ಸಣ್ಣ ದನಿಯಲ್ಲಿ ಬರುತ್ತಿತ್ತು. ಮಂದಿ ದಣಿದಿದ್ದಾರೆ ಅಂದುಕೊಂಡಿದ್ದಳು.

ಅವಳ ಬಾಯಿಗೆ ಹೆದರದವರು ಊರಲ್ಲಿ ಒಬ್ಬರೇ, ಒಕ್ಕಲುತನದ ದೊಡ್ಡ ಮನೆಯ ದೇವೇಂದ್ರಪ್ಪ. ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುತ್ತ, ಎತ್ತುಗಳಿಗೆ ಹಾಡು ಹೇಳುತ್ತ, ಅವಳು ಕಂಡರೆ ತಾವೇ ಮಾತಾಡಿಸುವರು. ತಮ್ಮ ಹೆಸರು ನೆನಪಿದೆಯೋ ಇಲ್ಲವೋ ಎಂದು ಚೇಷ್ಟೆ ಮಾಡುವರು. ಆ ಗುರುವಾರ ಬೆಳಿಗ್ಗೆಯೂ ಹಾಗೆಯೇ ನಗಾಡಿದ್ದರು.

ಅದೇ ಮಧ್ಯಾಹ್ನ ಅವರ ತಮ್ಮ ಕುಬೇರಪ್ಪ ಕೇರಿಗೆ ಬಂದ. ಈ ಮನುಷ್ಯ ಕೇರಿಯ ಗಾಳಿ ಬೀಸಿದರೂ ಅಂಗಿ ಜಾಡಿಸಿಕೊಳ್ಳುವವನು. ಅಂಗಳದ ಹೊರಗೆ ಬೇವಿನ ಮರದಡಿ ನಿಂತು, ಹೆಗಲಿನಿಂದ ಜೋಳ ಇಳಿಸಿದ. ಬೊಗಸೆಯಲ್ಲ, ಒಂದು ಚೀಲ.

"ಇವತ್ತ ಸಂಜೀಕ ನಮ್ಮಣ್ಣನ ಹೆಸರು ಹಿಡಿ" ಅಂದ.

"ಏನಾಗೇತ್ರಿ ಅವರಿಗೆ?"

"ಇನ್ನೂ ಏನೂ ಆಗಿಲ್ಲ."

ಬಾಯಿ ತಪ್ಪಿ ಬಂದ ಮಾತು. ಮಕ್ಕಳಿಲ್ಲದ ದೇವೇಂದ್ರಪ್ಪ ಬರುವ ಹುಣ್ಣಿಮೆಗೆ ಹೆಂಡತಿಯ ತಮ್ಮನ ಮಗನನ್ನು ದತ್ತು ತೆಗೆದುಕೊಳ್ಳುವುದು ಊರಿಗೆಲ್ಲ ಗೊತ್ತಿತ್ತು. ದತ್ತು ಆದರೆ ಬಾವಿ ಹೊಲ ಹುಡುಗನ ಪಾಲು, ಆಗದೆ ಹೋದರೆ ಕುಬೇರಪ್ಪನ ಪಾಲು. ಅನ್ನಮ್ಮನಿಗೆ ಅರ್ಥವಾಯಿತು. ತನ್ನ ಪ್ರಾರ್ಥನೆಯನ್ನು ಇವನು ಮಾಟ ಎಂದು ಬೆಲೆ ಕಟ್ಟಿ ಕೊಳ್ಳಲು ಬಂದಿದ್ದ.

"ಚೀಲ ಒಯ್ರಿ ಯಪ್ಪಾ" ಅಂದಳು. "ಪ್ರಾರ್ಥನಿ ಬೇಕಾಗಿದ್ದು ನಿಮ್ಮ ಅಣ್ಣಾರಿಗಲ್ಲ, ನಿಮಗ. ಸಂಜೀಕ ನಿಮ್ಮ ಹೆಸರು ಹಿಡೀತೀನಿ."

ಒಳ್ಳೆಯ ಮನಸ್ಸಿನಿಂದಲೇ ಅಂದಳು. ಕೇಡು ನೆನೆಯುವವನಿಗಾಗಿ ಮೊದಲು ಬೇಡಬೇಕು ಎಂದೇ ಪಾದ್ರಿಗಳು ಕಲಿಸಿದ್ದರು. ಆದರೆ ಕುಬೇರಪ್ಪನಿಗೆ ಅದು ಶಾಪವಾಗಿ ಕೇಳಿಸಿತು. ಮರದ ನೆರಳು ಬಿಟ್ಟು ಅಂಗಳಕ್ಕೆ ನುಗ್ಗಿ, ಧೂಳಿನಲ್ಲಿ ಬಿದ್ದು, ಎರಡೂ ಕೈಯಿಂದ ಅವಳ ಪಾದ ಹಿಡಿದುಕೊಂಡ.

"ಅವ್ವಾ, ನನ್ನ ಹೆಸರು ಮರತುಬಿಡವ್ವಾ. ಮಕ್ಕಳೊಂದಿಗ ಅದೀನಿ."

ಅವಳ ನೆರಳು ಸೋಕಿದರೆ ಮೈ ತೊಳೆದುಕೊಳ್ಳುತ್ತಿದ್ದವನ ಬೆರಳುಗಳು ಈಗ ಅವಳ ಹಿಮ್ಮಡಿಯನ್ನು ಬಿಗಿದಿದ್ದವು. ಅನ್ನಮ್ಮ ಕಾಲು ಹಿಂದೆ ತೆಗೆಯಲಿಲ್ಲ. ಹುಟ್ಟಿದಾಗಿನಿಂದ ತಿಳಿಯದ ಒಂದು ಸುಖ ಮೈಯಲ್ಲಿ ಏರಿತು, ಬಾಯಿಗೆ ಬೆಲ್ಲ ಇಟ್ಟಂತೆ.

"ಮನೀಗಿ ಹೋಗಿ ಅಣ್ಣಾರ ಸಂಗಾಟ ಕುಂತು ರೊಟ್ಟಿ ತಿನ್ರಿ" ಅಂದಳು. "ಅವರಿಗೆ ಏನರ ಆತಂದ್ರ, ನಿಮ್ಮ ಹೆಸರು ನನ್ನ ನಾಲಿಗಿ ಮ್ಯಾಲೇ ಐತಿ."

ಅವನು ಚೀಲ ಅಲ್ಲೇ ಬಿಟ್ಟು ಓಡಿದ. ಆಡಿದ ಮಾತು ಆಮೇಲೆ ಅವಳ ಕಿವಿಗೆ ಬಿತ್ತು. ಊರು ತನ್ನನ್ನು ಏನೆಂದು ತಿಳಿದಿತ್ತೋ ಅದೇ ಆಗಿ ಅವಳು ಮಾತಾಡಿದ್ದಳು. ಒಬ್ಬ ಒಳ್ಳೆಯ ಮನುಷ್ಯನ ಜೀವ ಉಳಿಯಲಿ ಎಂದು ಆಡಿದ್ದೇನೋ ನಿಜ. ಆದರೆ ಆ ಸುಖ ಯಾರ ಸಲುವಾಗಿ? ಅವಳು ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

ಸಂಜೆ ಎಲ್ಲರೂ ಕೂಡಿದರು. ನಾದಿನಿ ಹುಲಗಮ್ಮ, ಮೊದಲ ದಿನದಿಂದ ಒಂದು ಗುರುವಾರವೂ ತಪ್ಪಿಸದವಳು, ಪಕ್ಕಕ್ಕೇ ಬಂದು ಮಂಡಿಯೂರಿದಳು. ಮರದಡಿಯ ಚೀಲವನ್ನು ಎಲ್ಲರೂ ನೋಡಿದರು, ಯಾರದೆಂದು ಯಾರೂ ಕೇಳಲಿಲ್ಲ.

ಅನ್ನಮ್ಮ ಕಣ್ಣು ಮುಚ್ಚಿದಳು. ಪದ್ಧತಿ ಮುರಿಯುವುದು ತಪ್ಪೆಂದು ಗೊತ್ತಿತ್ತು. ಆದರೂ ಆ ದಿನ ಆ ಅಂಗಳದಲ್ಲಿ ಅವಳಷ್ಟು ಪ್ರಾರ್ಥನೆ ಬೇಕಾದವರು ಇರಲಿಲ್ಲ.

"ತಂದೀ, ಇವತ್ತ ನನ್ನ ಹೆಸರ ತಂದೀನಿ" ಅಂದಳು. "ನಿನ್ನ ಮಗಳು ಅನ್ನ..."

ಒಂದು ಅಂಗೈ ಬಂದು ಅವಳ ಬಾಯಿ ಮುಚ್ಚಿತು. ಕಣ್ಣು ತೆರೆದರೆ ಹುಲಗಮ್ಮ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಬ್ಯಾಡ ವೈನಿ" ಅಂದಳು. "ನಿನ್ನ ಹೆಸರೊಂದು ಬ್ಯಾಡ. ನೀ ನಮಗ ಬೇಕು."

ಅನ್ನಮ್ಮ ಸುತ್ತಲೂ ನೋಡಿದಳು. ಇಷ್ಟು ದಿನ ಆಮೆನ್ ಅಂದವರೆಲ್ಲ ಹುಲಗಮ್ಮನ ಹಾಗೆಯೇ ಹೆದರಿ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ಆ ಅಂಗೈಯೊಳಗೇ ತನ್ನ ಹೆಸರನ್ನು ಪೂರ್ತಿ ಹೇಳಿ ಕಾದಳು. ಯಾರೂ ಆಮೆನ್ ಅನ್ನಲಿಲ್ಲ.