ತೊಳೆದ ಬೇರು

ಜೇಡ ಇಳಿದದ್ದು ಬಾಯಿ ತೆರೆದು ಮಲಗಿದ್ದ ಹೆಂಗಸಿನ ಮೂಗಿನ ನೇರಕ್ಕೆ. ನಾಲಿಗೆ ಮರಗಟ್ಟಿದ್ದರಿಂದ ಕಿರುಚಲೂ ಆಗದೆ ಆಕೆ ಕೈಕಾಲು ಬಡಿದಾಗ ತಟ್ಟೆಯಲ್ಲಿದ್ದ ಇಕ್ಕಳ, ಕನ್ನಡಿ, ಹತ್ತಿ ಎಲ್ಲ ನೆಲಕ್ಕೆ ಬಿದ್ದವು. ಹಲ್ಲಿನ ಡಾಕ್ಟರು ಮಾಸ್ಕು ಕೆಳಗೆಳೆದು, "ಏ ತಂತೀ!" ಎಂದು ಕೂಗಿದರು. ಆ ಕೂಗಿಗೆ ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬ, ತನ್ನ ಹಲ್ಲುನೋವು ನಾಳೆಯವರೆಗೆ ತಡೆದೀತು ಎಂದುಕೊಂಡು ಎದ್ದು ಮನೆಗೆ ಹೋದ.

ತಂತಿ ಕ್ಲಿನಿಕ್ಕಿನ ಮೇಲಿನ ತಾರಸಿಯಿಂದ ಓಡಿ ಬಂದಳು. ಅಲ್ಲಿ ಡಾಕ್ಟರು ಕುಂಡದಲ್ಲೇ ಕುಳ್ಳಗೆ ಬೆಳೆಸುತ್ತಿದ್ದ ಬೋನ್ಸಾಯ್ ಗಿಡಗಳ ಕೊಂಬೆಗೆ ತಂತಿ ಸುತ್ತಿ ಬಗ್ಗಿಸುವುದು ಅವಳ ಕೆಲಸ. ಸೆರಗಿನಲ್ಲಿ, ಜಡೆಯಲ್ಲಿ ಯಾವಾಗಲೂ ಒಂದೆರಡು ತುಂಡು ತಂತಿ ಸಿಕ್ಕಿಕೊಂಡಿರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಅವಳು ಲೋಟ ಕವುಚಿ, ಅಡಿಯಲ್ಲಿ ರಟ್ಟು ತೂರಿಸಿ ಜೇಡವನ್ನು ಹಿಡಿದಳು. ಕುರ್ಚಿಯ ಪಕ್ಕದ ಕಿಟಕಿಯಲ್ಲಿ ಆ ಬೋನ್ಸಾಯ್‌ಗಳಲ್ಲೆಲ್ಲ ದೊಡ್ಡದಾದ ಜುನಿಪರ್ ಗಿಡ ಇತ್ತು. ಹಲ್ಲು ಕೀಳಿಸಿಕೊಳ್ಳುವವರು ಏನಾದರೂ ಚಂದದ್ದನ್ನು ನೋಡುತ್ತಿರಲಿ ಎಂದು ಡಾಕ್ಟರು ಇಡಿಸಿದ್ದರು.

"ಈ ತಿಂಗಳಲ್ಲಿ ಇದು ಎಷ್ಟನೇದು?"

"ಮೂರನೇದು ಡಾಕ್ಟ್ರೇ. ಪಾಪದ್ದು, ಏನೂ ಮಾಡಲ್ಲ."

"ಅದು ಮಾಡಲ್ಲ, ಪೇಷಂಟು ನನ್ನ ಮಾನ ಹರಾಜು ಹಾಕ್ತಾರೆ. ಗಿಡದಲ್ಲಿ ಇರೋದನ್ನೆಲ್ಲ ಖಾಲಿ ಮಾಡ್ಸು. ಬೋನ್ಸಾಯ್ ಸಂಘದ ಪ್ರದರ್ಶನ ಬೇರೆ ಹತ್ರ ಬಂತು."

"ಖಾಲಿ ಮಾಡಿದ್ರೆ ಕೆಂಪು ನುಸಿ ಹತ್ತತ್ತೆ. ಜೇಡ ಇದ್ರೆ ಅದನ್ನ ತಿಂದ್ಕೊಂಡು ತನ್ನ ಪಾಡಿಗೆ ತಾನು ಬಿದ್ದಿರತ್ತೆ. ಸಂಬಳ ಕೇಳದ ಕಾವಲು, ಇರ್ಲಿ ಬಿಡಿ."

ಡಾಕ್ಟರು ಬಿಡುವ ಜಾತಿಯವರಲ್ಲ. ಅಂದಿನಿಂದ ತಂತಿ ದಿನಾ ಬೆಳಿಗ್ಗೆ ಜುನಿಪರಿನ ಸಂದಿಗೊಂದಿ ಹುಡುಕಿ, ಕೊಂಬೆಯ ನಡುವೆ ಬಲೆ ಕಟ್ಟಿದವನ್ನೂ ಪಾಚಿಯಡಿ ಮಣ್ಣಲ್ಲಿ ಬಿಲ ಮಾಡಿಕೊಂಡವನ್ನೂ ಲೋಟದಲ್ಲಿ ಹಿಡಿದು ತಾರಸಿಯ ಬೇರೆ ಕುಂಡಗಳಿಗೆ ಸಾಗಿಸಿದಳು. ಅವು ಜಗಳವಾಡಿಕೊಂಡು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಎರಡು ದಿನಕ್ಕೆ ಮತ್ತೆ ಹಾಜರಾಗುತ್ತಿದ್ದವು.

ಆ ಜುನಿಪರು ಹತ್ತೊಂಬತ್ತು ವರ್ಷದ ಕೆಳಗೆ, ಅವಳು ಕೆಲಸಕ್ಕೆ ಸೇರಿದ ತಿಂಗಳು, ಬೆರಳುದ್ದದ ಒಂದು ಕಡ್ಡಿಯಾಗಿತ್ತು. ಹಿಡಿ ಮುರಿದ ಕಪ್ಪಿನಲ್ಲಿ ಅದನ್ನು ನೆಟ್ಟವಳು ಅವಳೇ. ಕಾಂಡದ ತಿರುವು, ಗಾಳಿಗೆ ಬಾಗಿದ ಹಾಗೆ ಕಾಣುವ ತಲೆ, ಎಡಗಡೆಯ ಇಳಿಕೊಂಬೆ, ಎಲ್ಲವೂ ಅವಳ ಕೈಯಲ್ಲಿ ಆದವು. ಡಾಕ್ಟರು ಒಂದು ಕೊಂಬೆ ಕತ್ತರಿಸಿದ್ದನ್ನು ಯಾರೂ ಕಂಡಿಲ್ಲ. ಫೋಟೋಗೆ ಕತ್ತರಿ ಹಿಡಿದು ನಿಂತದ್ದನ್ನು ಮಾತ್ರ ಊರೆಲ್ಲ ಕಂಡಿದೆ. ಪ್ರತಿವರ್ಷ ಪ್ರದರ್ಶನದಲ್ಲಿ ಗಿಡದ ಮುಂದೆ ನಿಲ್ಲಿಸುವ ಕಾರ್ಡಿನಲ್ಲಿ ಅವರೊಬ್ಬರದೇ ಹೆಸರು. ಎಂಟನೆಯ ವರ್ಷ ಅವಳು ಧೈರ್ಯ ಮಾಡಿ, "ಕೆಳಗಡೆ ಸಣ್ಣದಾಗಿ ನಂದೂ ಹಾಕ್ತೀರಾ?" ಎಂದು ಕೇಳಿದ್ದಳು. "ಮುಂದಿನ ವರ್ಷ ನೋಡೋಣ" ಎಂದಿದ್ದರು. ಆ ಮುಂದಿನ ವರ್ಷ ಬಾರದೆ ಹನ್ನೊಂದು ವರ್ಷವಾಗಿತ್ತು. ಅವಳಿಗೆ ಬೇರೆ ಆಸೆಗಳೂ ಇದ್ದವು, ಒಂದೊಂದಾಗಿ ಸವೆದು ಹೋಗಿದ್ದವು. ಇದೊಂದು ಹಾಗೇ ಉಳಿದಿತ್ತು.

ಪ್ರದರ್ಶನಕ್ಕೆ ಐದು ವಾರ ಇರುವಾಗ, ಒಂದು ಭಾನುವಾರ, ರಜೆಯೆಂದು ತಂತಿ ಅಕ್ಕನ ಮನೆಗೆ ಹೋಗಿದ್ದಳು. ಸೋಮವಾರ ಬಂದು ನೋಡಿದರೆ ಜುನಿಪರಿನ ಕುಂಡದಲ್ಲಿ ಹೊಸ ಮಣ್ಣು ಇತ್ತು.

"ನಾನೇ ಮಾಡ್ದೆ," ಎಂದರು ಡಾಕ್ಟರು, ಬಹುಮಾನ ಬಂದ ಹುಡುಗನ ಮುಖ ಮಾಡಿಕೊಂಡು. "ಮೂಲಕ್ಕೇ ಕೈ ಹಾಕ್ಬೇಕು. ಗಿಡ ಕಿತ್ತು, ಪೈಪಲ್ಲಿ ಜೋರಾಗಿ ನೀರು ಬಿಟ್ಟು ಹಳೇ ಮಣ್ಣೆಲ್ಲ ತೊಳ್ದೆ. ಎಷ್ಟು ಜೇಡ ಇದ್ವು ಅಂತೀಯ! ಬೇರಿನ ಮೇಲೆಲ್ಲ ಬೆಳ್ಳಗೆ ಪಾಚಿ ಕಟ್ಟಿತ್ತು, ಹಲ್ಲಿನ ಮೇಲೆ ಕಟ್ಟತ್ತಲ್ಲ, ಥೇಟ್ ಹಾಗೇ. ಬ್ರಶ್ ತಗೊಂಡು ಒಂದೊಂದೇ ಬೇರು ಉಜ್ದೆ. ಕ್ಲಿನಿಕ್ಕಿನ ಔಷಧಿ ನೀರಲ್ಲಿ ಅರ್ಧ ಗಂಟೆ ನೆನೆಸಿಟ್ಟೆ. ಹೇಗೆ ಹೊಳೀತಿತ್ತು ಗೊತ್ತಾ?"

ತಂತಿ ಹೊಸ ಮಣ್ಣು ಕೆದಕಿ ಒಂದು ಬೇರು ನೋಡಿದಳು, ಆಮೇಲೆ ಡಾಕ್ಟರ ಕೈ ನೋಡಿದಳು. ಮೂವತ್ತು ವರ್ಷ ಜನರ ಬಾಯಲ್ಲಿ ಬಿಳಿ ಕಂಡದ್ದನ್ನೆಲ್ಲ ಕೆರೆದು ತೆಗೆದ ಕೈ ಅದು. ಬೇರೇನು ಮಾಡೀತು?

"ಆ ಬಿಳೀ ಬೂಷ್ಟು ಇರ್ಬೇಕಿತ್ತು ಡಾಕ್ಟ್ರೇ. ಈ ಗಿಡದ ಬೇರಿಗೆ ನೀರು ಉಣ್ಸೋದೇ ಅದು."

"ಕೊಳೇನ ಯಾರಾದ್ರೂ ಕಾಪಾಡ್ತಾರೇನೇ?" ಎಂದು ಅವರು ನಕ್ಕು ಕೈಗವಸು ತೊಟ್ಟುಕೊಂಡರು.

ಅವಳು ಗಿಡವನ್ನು ತಾರಸಿಯ ನೆರಳಿಗೆ ಒಯ್ದಳು, ಪ್ಲಾಸ್ಟಿಕ್ ಹೊದಿಸಿದಳು, ದಿನಕ್ಕೆ ನಾಲ್ಕು ಸಲ ಎಲೆಗೆ ಹನಿ ಚಿಮುಕಿಸಿದಳು. ಕುಂಡವನ್ನು ಎರಡು ಕೈಯಲ್ಲಿ ಎತ್ತಿ ತೂಕ ನೋಡುವುದು ಅವಳ ರೂಢಿ. ಗಿಡ ನೀರು ಕುಡಿದಿದ್ದರೆ ಕುಂಡ ಹಗುರವಾಗಬೇಕು. ಒಂದು ವಾರವಾಯಿತು, ಎರಡಾಯಿತು, ಕುಂಡ ಹಗುರವಾಗಲೇ ಇಲ್ಲ. ಮಣ್ಣು ಹಸಿಯಾಗಿಯೇ ಇತ್ತು. ನಾಲ್ಕನೆಯ ವಾರ ಕೊಂಬೆಯ ಅಡಿಭಾಗದಲ್ಲಿ, ಯಾರಿಗೂ ಕಾಣದ ಕಡೆ, ಉಗುರಿನಿಂದ ತೊಗಟೆ ಕೆರೆದು ನೋಡಿದಳು. ಒಳಗೆ ಹಸಿರು ಇರಬೇಕಾದಲ್ಲಿ ಕಂದು ಇತ್ತು. ಇನ್ನೊಂದು ಕೊಂಬೆ ಕೆರೆದಳು, ಆಮೇಲೆ ಕಾಂಡವನ್ನೇ ಕೆರೆದಳು. ನೀರಿನ ತೊಟ್ಟಿಯ ಹಿಂದೆ ಕುಳಿತು ಅತ್ತಳು. ಡಾಕ್ಟರ ಮೇಲಿನ ಸಿಟ್ಟಿಗಿಂತ, ಒಂದು ಭಾನುವಾರ ಅಕ್ಕನ ಮನೆಗೆ ಹೋದ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ಇಬ್ಬರು ಪೇಷಂಟುಗಳ ನಡುವೆ, ಡಾಕ್ಟರು ಕೈ ತೊಳೆಯುವಾಗ ಹೋಗಿ ಹೇಳಿದಳು. "ಜುನಿಪರು ಹೋಯ್ತು ಡಾಕ್ಟ್ರೇ."

"ಎಲ್ಲಿಗೆ?"

"ಸತ್ತೋಯ್ತು."

ಅವರು ತಾರಸಿಗೆ ಬಂದು ಗಿಡದ ಸುತ್ತ ಒಂದು ಸುತ್ತು ಹಾಕಿದರು. "ಹಸಿರಾಗಿದೆಯಲ್ಲೇ!"

"ಈ ಜಾತಿನೇ ಹಾಗೆ. ತಾನು ಸತ್ತಿದ್ದು ಎಲೆಗೆ ಗೊತ್ತಾಗೋಕೆ ಒಂದೂವರೆ ತಿಂಗಳು ಬೇಕು." ಅವಳು ತೊಗಟೆ ಕೆರೆದ ಜಾಗ ತೋರಿಸಿದಳು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಹಲ್ಲು ಸತ್ತಿದೆಯೋ ಬದುಕಿದೆಯೋ ನೋಡಿ ಹೇಳುವುದು ಅವರ ಕಸುಬು, ಅವರಿಗೆ ತಿಳಿಯಿತು.

"ಪ್ರದರ್ಶನಕ್ಕೆ ಇನ್ನೆಷ್ಟು ದಿನ?"

"ಎಂಟು."

"ಅಲ್ಲೀವರ್ಗೂ ತಡಿಯತ್ತಾ, ಈ ಹಸಿರು?"

ಅವಳು ಅವರ ಮುಖ ನೋಡಿದಳು. "ತಡೀಬಹುದು."

"ನರ ಸತ್ತ ಹಲ್ಲು ಇಟ್ಕೊಂಡು ಇಪ್ಪತ್ತು ವರ್ಷ ನಗ್ತಾ ಓಡಾಡೋರನ್ನ ನಾನು ದಿನಾ ನೋಡ್ತೀನಿ," ಎಂದು ಅವರು ಮೆಟ್ಟಿಲಿಳಿದರು. ಅರ್ಧಕ್ಕೆ ನಿಂತು ತಿರುಗಿದರು. "ಅಂದ ಹಾಗೆ, ಈ ಸಲ ಕಾರ್ಡಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ."

ಬೇಡ ಎನ್ನಬಹುದಿತ್ತು. ಸಂಘದವರಿಗೆ ಹೋಗಿ ಹೇಳಬಹುದಿತ್ತು. ಅವಳು ಎರಡೂ ಮಾಡಲಿಲ್ಲ. ಹನ್ನೊಂದು ವರ್ಷ ಹಸಿದವರ ಮುಂದೆ ತಟ್ಟೆ ಇಟ್ಟರೆ ಅನ್ನ ಹಳಸಿದೆಯೇ ಎಂದು ಮೂಸಿ ನೋಡಲು ತಾಳ್ಮೆ ಇರುವುದಿಲ್ಲ. ಸಂಜೆ ಅಕ್ಕನಿಗೆ ಹೆಸರಿನ ವಿಷಯ ಹೇಳಿದಳು. ಅಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿ ಅವಳನ್ನು ತಬ್ಬಿಕೊಂಡಳು. ಗಿಡದ ವಿಷಯ ಬಾಯಿಯವರೆಗೆ ಬಂತು, ನುಂಗಿಕೊಂಡಳು.

ಪ್ರದರ್ಶನದ ಸಭಾಂಗಣದಲ್ಲಿ ಉದ್ದನೆಯ ಮೇಜುಗಳಿಗೆ ಬಿಳಿ ಬಟ್ಟೆ ಹಾಸಿದ್ದರು. ತೀರ್ಪುಗಾರ ಮುದುಕ ಭೂತಗನ್ನಡಿ ಹಿಡಿದು ಜುನಿಪರಿನ ಒಂದೊಂದು ಕೊಂಬೆಯನ್ನೂ ನೋಡಿದ. "ಒಂದು ಬಲೆ ಇಲ್ಲ, ಒಂದು ಹುಳ ಇಲ್ಲ. ಇಷ್ಟು ಚೊಕ್ಕಟವಾದ ಗಿಡ ನಾನು ಈ ಸಲ ಇನ್ನೊಂದು ನೋಡ್ಲಿಲ್ಲ," ಎಂದ. ಮೊದಲ ಬಹುಮಾನ ಅದಕ್ಕೇ ಬಂತು.

ಚಪ್ಪಾಳೆ ನಿಂತ ಮೇಲೆ ತಂತಿ ಕಾರ್ಡಿನ ಹತ್ತಿರ ಹೋದಳು. ಮೇಲೆ ದಪ್ಪಕ್ಷರದಲ್ಲಿ "ರೂಪಿಸಿದವರು" ಎಂದು ಡಾಕ್ಟರ ಹೆಸರು. ಕೆಳಗೆ "ನೀರು ಮತ್ತು ಆರೈಕೆ" ಎಂದು ಅವಳದು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅವಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು, ತನ್ನ ಹೆಸರನ್ನು ಬೆರಳಿಂದ ಮುಟ್ಟಿ ನೋಡುವಷ್ಟು ಖುಷಿಯಾಯಿತು.

"ಗೆದ್ದ ಗಿಡ ಒಂದು ತಿಂಗಳು ಇಲ್ಲೇ ಬಾಗಿಲ ಹತ್ರ ಇರತ್ತಂತೆ," ಎಂದರು ಡಾಕ್ಟರು, ಅವಳ ಕಡೆ ನೋಡದೆ. "ಬರೋ ಹೋಗೋರೆಲ್ಲ ನೋಡ್ಲಿ ಅಂತ. ಕಾರ್ಡೂ ಇರತ್ತೆ."

ಅವಳು ಕಾರ್ಡನ್ನು ಇನ್ನೊಮ್ಮೆ ಓದಿದಳು. ಇನ್ನು ಹತ್ತು ದಿನಕ್ಕೆ ತುದಿಗಳು ಹಳದಿಯಾಗುತ್ತವೆ, ಆಮೇಲೆ ಕಂದು. ಒಣಗಿದ ಗಿಡವನ್ನು ನೋಡಿದವರು ಅದನ್ನು ರೂಪಿಸಿದವರು ಯಾರೆಂದು ಹುಡುಕುವುದಿಲ್ಲ. ನೀರು ಹಾಕಿದವರು ಯಾರೆಂದು ಹುಡುಕುತ್ತಾರೆ.

ಪತ್ರಿಕೆಯ ಫೋಟೋದವನು ಕ್ಯಾಮರಾ ಎತ್ತಿದಾಗ ಡಾಕ್ಟರು ಪಕ್ಕಕ್ಕೆ ಸರಿದು ಅವಳನ್ನು ಮುಂದೆ ತಂದರು. "ನಂದೇನಿಲ್ಲ ಇದ್ರಲ್ಲಿ, ಎಲ್ಲ ಇವಳದ್ದೇ. ನನಗೆ ಗಿಡದ ಬಗ್ಗೆ ಏನೂ ಗೊತ್ತಿಲ್ಲ." ಹತ್ತೊಂಬತ್ತು ವರ್ಷದಲ್ಲಿ ಅವರು ಆಡಿದ ಮೊದಲ ಸತ್ಯ ಅದು. ಜನ ಅದನ್ನು ವಿನಯ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

"ನೀರು ಹಾಕೋ ಹಾಗೆ ನಿಂತ್ಕೊಳ್ಳಿ ಅಮ್ಮಾ," ಎಂದ ಫೋಟೋದವನು.

ಯಾರೋ ಹೂಜಿ ತಂದು ಕೈಗಿತ್ತರು. ತಂತಿ ನೀರು ಹೊಯ್ದಳು. ಮೊದಲೇ ನೆಂದಿದ್ದ ಮಣ್ಣಿನ ಮೇಲೆ ನೀರು ನಿಂತು, ನಿಧಾನಕ್ಕೆ ಇಳಿದು, ಕುಂಡದ ಅಡಿಯಿಂದ ಬಿಳಿ ಬಟ್ಟೆಯ ಮೇಲೆ ಹರಿಯಿತು. ಪ್ರದರ್ಶನ ನೋಡಲು ಬಂದಿದ್ದ ಅಕ್ಕ ಜನರನ್ನು ತಳ್ಳಿಕೊಂಡು ಮುಂದೆ ಬಂದು, ನಗುತ್ತ, ಕಣ್ಣು ಒರೆಸಿಕೊಳ್ಳುತ್ತ, ತನ್ನ ಫೋನು ಎತ್ತಿ ಹಿಡಿದಳು.

"ಮುಖ ಬರ್ಲಿಲ್ಲ ಕಣೇ. ತಲೆ ಎತ್ತು. ಇನ್ನೊಂದ್ಸಲ ಹಾಕು."

ತಂತಿ ತಲೆ ಎತ್ತಿ, ಹೂಜಿಯನ್ನು ಮತ್ತೆ ಬಗ್ಗಿಸಿದಳು.