ಹೇಳದೆ ಬಿಟ್ಟ ಮಾತು

ಹೊಸೂರಿನ ಬಾಗಲೂರು ರಸ್ತೆಯ ಆ ಗ್ಯಾರೇಜಿನಲ್ಲಿ ಇದ್ದದ್ದು ಎರಡೇ ಫ್ಯಾನು. ಎರಡೂ ಆಫೀಸಿನೊಳಗೆ. ಹೊರಗೆ ತಗಡಿನ ಶೆಡ್ಡು. ಬೇಸಿಗೆ ಬಂತೆಂದರೆ ನೆಲ ಕಾದ ಹೆಂಚಾಗುತ್ತಿತ್ತು. ಮುನಿಕೃಷ್ಣ ಗೋಣಿತಾಟು ನೆನೆಸಿ ಹಾಸಿಕೊಂಡು, ಅದರ ಮೇಲೆ ಬೆನ್ನು ಕೊಟ್ಟು ಕಾರಿನಡಿ ನುಗ್ಗುತ್ತಿದ್ದ. ಸ್ವಲ್ಪ ಹೊತ್ತಿಗೆ ಗೋಣಿ ಒಣಗುತ್ತಿತ್ತು, ಅವನು ಒದ್ದೆಯಾಗುತ್ತಿದ್ದ. ಹಾಗೆ ಬೆವರಿ ಬೆವರಿ ಅವನು ಸರಿಮಾಡುತ್ತಿದ್ದದ್ದು ಬೇರೆಯವರ ಕಾರಿನ ಏಸಿಯನ್ನು.

ಅಲ್ಲೊಂದು ಪದ್ಧತಿ ಇತ್ತು. ಹೊಸ ಬಗೆಯ ಗಾಡಿ ಬಂದಾಗ ಅದರ ಕಂಪನಿಯ ಇಂಜಿನಿಯರಿಗೆ ಫೋನು ಮಾಡುವುದು. ಆತ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಆಫೀಸಿನ ಮಾಲಿನಿ ಫೋನನ್ನು ಕಿವಿಗೆ ಒತ್ತಿಕೊಂಡು ಕಾರಿನ ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಾಳೆ. ಮುನಿಕೃಷ್ಣನ ಕೈ ಅವಳ ಮಾತಿನ ಹಿಂದೆಯೇ ಹೋಗುತ್ತದೆ. ಮಾಲಿನಿ ಮಾಲೂರಿನವಳು. ಬಿ.ಎಸ್ಸಿ. ಓದಿದವಳು. ಅಪ್ಪನ ಫ್ಯಾಕ್ಟರಿ ಕೆಲಸದ ಬೆನ್ನಿಗೆ ಹೊಸೂರಿಗೆ ಬಂದವಳು. ಒಂದು ಪದ ಆಚೀಚೆ ಆದರೂ ರಾತ್ರಿ ನಿದ್ದೆ ಬಾರದ ಹುಡುಗಿ.

ಆ ದಿನ ಬಂದದ್ದು ಕರೆಂಟು ಕಾರು. ಪೆಟ್ರೋಲಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಊರಾಚೆ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಯಜಮಾನರ ಗಾಡಿ. ಪರದೇಶದ ಅತಿಥಿಗಳು ಬಂದರೆ ತೋಟ ಸುತ್ತಿಸಲು ಇಟ್ಟುಕೊಂಡಿದ್ದರು.

“ಇದೇನ್ ಮೇಡಂ, ಮಕ್ಕಳು ಆಡೋ ಗಾಡಿ ಇದ್ದಂಗದೆ,” ಎಂದ ಮುನಿಕೃಷ್ಣ. “ರಾತ್ರಿ ಮೊಬೈಲ್ ತರ ಚಾರ್ಜಿಗೆ ಹಾಕ್ತಾರಂತೆ. ನಮ್ ಕೆಲಮಂಗಲದ ಕರೆಂಟ್ ನಂಬ್ಕೊಂಡ್ರೆ ಮದುವೆ ಗಂಡು ಮುಹೂರ್ತ ಮುಗಿದ್ಮೇಲೆ ಹೋಗ್ತಾನೆ.”

ಏಸಿ ನಿಂತುಹೋಗಿತ್ತು. ಪೈಪಿನೊಳಗಿನ ಗ್ಯಾಸಿನ ಒತ್ತಡ ನೋಡುವ, ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚು ಕೆಟ್ಟಿತ್ತು. ಹೊಸದು ಬಂದಿತ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಬೇಕು, ಅಷ್ಟೆ.

ಫೋನಿನಲ್ಲಿ ಇಂಜಿನಿಯರು ಹೇಳಿದ ಮೊದಲ ಮಾತೇ ಎಚ್ಚರಿಕೆಯದು. ಈ ಗಾಡಿಯಲ್ಲಿ ಸ್ವಿಚ್ಚಿನ ಕೆಳಗೆ ಗ್ಯಾಸು ತಡೆಯುವ ವಾಲ್ವ್ ಇಲ್ಲ, ಮೊದಲು ಮಷೀನು ಹಾಕಿ ಗ್ಯಾಸು ಪೂರ್ತಿ ತೆಗೆಯಿರಿ, ಆಮೇಲೆ ಸ್ಪ್ಯಾನರ್ ಮುಟ್ಟಿ.

ಮಾಲಿನಿ ಬಾಯಿ ತೆರೆಯುವಷ್ಟರಲ್ಲಿ ಗ್ಯಾರೇಜಿನ ಮಾಲೀಕ ಕಿರಣ್‌ಕುಮಾರ್ ಪಕ್ಕಕ್ಕೆ ಕರೆದ. “ಏನಂತೆ?”

ಹೇಳಿದಳು.

“ಮಷೀನು ಕೃಷ್ಣಗಿರಿ ಬ್ರಾಂಚಲ್ಲಿದೆ. ಬರೋದು ನಾಳೆ. ಯಜಮಾನರ ಗೆಸ್ಟು ಮಧ್ಯಾಹ್ನಕ್ಕೇ ಬರ್ತಿದಾರೆ. ಆ ಇಂಜಿನಿಯರುಗಳು ಹಂಗೇ, ಭಯ ಬೀಳಿಸ್ತಾರೆ. ಎಲ್ಲಾ ಕಾರಲ್ಲೂ ವಾಲ್ವ್ ಇರುತ್ತೆ. ಆ ಮಾತು ಬಿಡು. ಬಿಚ್ಚೋದು ಹೆಂಗೆ ಅಂತಷ್ಟೇ ಹೇಳು.”

“ಸಾರ್, ಇಲ್ಲ ಅಂತ ಅವರು ಸ್ಪಷ್ಟವಾಗಿ...”

“ಮಾಲಿನಿ, ನಿನ್ನ ಕೆಲಸ ಪರ್ಮನೆಂಟ್ ಆಗೋ ತಿಂಗಳು ಇದು. ನೆನಪಿದೆ ತಾನೇ?”

ಅವಳು ಕಾರಿನ ಬಳಿಗೆ ಬಂದಳು. ಬ್ಯಾಟರಿಯ ಲೈನು ತೆಗೆಯಿರಿ ಎಂದಳು. ಮುಂದಿನ ಬಂಪರು ಇಳಿಸಿ ಎಂದಳು. ಮುನಿಕೃಷ್ಣ ಇಳಿಸಿದ. ಸ್ವಿಚ್ಚು ಇದ್ದದ್ದು ಇಕ್ಕಟ್ಟಿನಲ್ಲಿ. ಗ್ಲೌಸು ಹಾಕಿದರೆ ಕೈ ಹೋಗದು. ಮುಖವನ್ನು ಹತ್ತಿರ ತಂದು ಸ್ಪ್ಯಾನರ್ ಕೂರಿಸಿದ. ಕೂರಿಸಿ, ಒಂದು ಗಳಿಗೆ ತಡೆದ.

“ಗ್ಯಾಸಿನ ವಿಷ್ಯ ಏನೂ ಹೇಳ್ನಿಲ್ವಾ ಮೇಡಂ?”

ಫೋನಿನಲ್ಲಿ ಇಂಜಿನಿಯರು ಇನ್ನೂ ಇದ್ದ. ಕಿರಣ್‌ಕುಮಾರ್ ಗಡಿಯಾರ ನೋಡುತ್ತಿದ್ದ.

“ಇಲ್ಲ ಅಣ್ಣ,” ಎಂದಳು ಮಾಲಿನಿ.

ಬುಸ್ಸೆಂದಿತು. ಬಿಳಿ ಹೊಗೆ ಅವನ ಕೈಗೆ, ಮುಖಕ್ಕೆ ಎರಚಿ ಕಾರಿನ ಮೂತಿಯನ್ನೇ ಮುಚ್ಚಿತು. ಮುನಿಕೃಷ್ಣ ಕಿರುಚಲಿಲ್ಲ. ಹಿಂದಕ್ಕೆ ಬಿದ್ದು ಬಲಗೈಯನ್ನು ಎದೆಗೆ ಅವಚಿಕೊಂಡು, “ನೀರು, ನೀರು” ಎಂದಷ್ಟೇ ಅಂದ. ಬೆರಳುಗಳು ಹಿಟ್ಟು ಮೆತ್ತಿದಂತೆ ಬೆಳ್ಳಗಾಗಿದ್ದವು. ಮುಟ್ಟಿದರೆ ಮಂಜುಗಡ್ಡೆ. ಆ ಬೇಸಿಗೆಯಲ್ಲಿ ಶೆಡ್ಡಿನ ತಣ್ಣನೆಯ ವಸ್ತುವೆಂದರೆ ಅವನ ಕೈಯೊಂದೇ.

ಆಸ್ಪತ್ರೆಗೆ ಕಿರಣ್‌ಕುಮಾರನೇ ಕರೆದೊಯ್ದ. ಎಷ್ಟು ಒಳ್ಳೆಯ ಮಾಲೀಕ ಎಂದುಕೊಂಡರು ದಾರಿಯವರು. ಎರಡು ಬೆರಳು ಕಪ್ಪಾಗಿ ಕೊಳೆತವು, ತೆಗೆದರು. ಬಲಗಣ್ಣಿಗೆ ಬೆಳಕು ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ.

ಮಾಲಿನಿಗೆ ಅದೊಂದೇ ಯೋಚನೆ. ಸ್ವಿಚ್ಚು ಬಿಚ್ಚಿದ್ದು ಅವನ ಕೈ, ಬಿಚ್ಚಿಸಿದ್ದು ತನ್ನ ನಾಲಿಗೆ. ಆಸ್ಪತ್ರೆಯ ಗೇಟಿನ ತನಕ ಹೋದಳು, ವಾಪಸು ಬಂದಳು. ಅವನು ಏನು ಕೇಳಬಹುದೆಂಬ ಹೆದರಿಕೆ. ಏನೂ ಕೇಳದಿದ್ದರೆ ಎಂಬುದು ಇನ್ನೂ ದೊಡ್ಡ ಹೆದರಿಕೆ.

ಒಂದು ಬೆಳಿಗ್ಗೆ ಮುನಿಕೃಷ್ಣನ ಹೆಂಡತಿ ರಾಮಲಕ್ಷ್ಮಮ್ಮ ಗ್ಯಾರೇಜಿಗೆ ಬಂದಳು. ಬಂದವಳು ಆಫೀಸಿನೊಳಗೆ ಹೋಗಲಿಲ್ಲ. ಶೆಡ್ಡಿನ ನಡುವೆ ನಿಂತಳು.

“ಸಾರ್, ಆಸ್ಪತ್ರೇಲಿ ನೀವು ಏನಂತ ಬರೆಸಿದೀರಾ?”

“ಯಾಕಮ್ಮ?”

“ಮನೇಲಿ ಫ್ರಿಜ್ಜು ರಿಪೇರಿ ಮಾಡೋವಾಗ ಆಯ್ತು ಅಂತ ಬರೆಸಿದೀರಂತೆ. ಲೇಬರ್ ಆಫೀಸಲ್ಲಿ ಅದನ್ನೇ ತೋರ್ಸಿ, ಇದು ಕೆಲ್ಸದ ಮೇಲೆ ಆದ ಏಟಲ್ಲ, ಪರಿಹಾರ ಬರಾಕಿಲ್ಲ ಅಂದ್ರು. ನಮ್ಮನೇಲಿ ತಣ್ಣಗಿರೋದು ಅಂದ್ರೆ ಒಂದು ಮಡಕೆ. ಯಾವ ಫ್ರಿಜ್ಜು ಸಾರ್ ಅದು? ನಮ್ಗೂ ತೋರ್ಸಿ, ನೋಡೋಣ.”

ಬೆಸುಗೆ ಹಾಕುತ್ತಿದ್ದ ಆವುಲಪ್ಪ ಕೈ ನಿಲ್ಲಿಸಿದ. ಟೈರು ಬಿಚ್ಚುತ್ತಿದ್ದ ವೆಂಕಿ ಎದ್ದು ನಿಂತ.

“ಬರೆಯೋರು ಏನೋ ತಪ್ಪು ಬರೆದಿರಬೇಕು,” ಎಂದ ಕಿರಣ್‌ಕುಮಾರ್. “ಆದರೂ ತಪ್ಪು ಅವನದೇ ಅಮ್ಮ. ಗ್ಯಾಸು ತೆಗೀದೆ ಬಿಚ್ಚಿದ. ಮಾಲಿನಿ ಎಲ್ಲಾ ಬಿಡಿಸಿ ಹೇಳಿದ್ಲು. ಬೇಕಾದರೆ ಕೇಳಿ. ಹೇಳಿದೆ ತಾನೇ ಮಾಲಿನಿ?”

ಎಲ್ಲರ ಕಣ್ಣೂ ಆಫೀಸಿನ ಬಾಗಿಲಲ್ಲಿ ನಿಂತಿದ್ದ ಮಾಲಿನಿಯತ್ತ ತಿರುಗಿತು. ಹೌದು ಎಂದರೆ ಮುನಿಕೃಷ್ಣ ಬೇಜವಾಬ್ದಾರಿಯವನ ಲೆಕ್ಕ. ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಇಲ್ಲ ಎಂದರೆ ತಾನು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

“ಹೇಳಲಿಲ್ಲ,” ಎಂದಳು. ಬಾಗಿಲು ದಾಟಿ ಶೆಡ್ಡಿಗೆ ಬಂದಳು. ಮತ್ತೆ ಹೇಳಿದಳು. “ಗ್ಯಾಸು ತೆಗೀಬೇಕು, ಆ ಕಾರಲ್ಲಿ ವಾಲ್ವ್ ಇಲ್ಲ ಅಂತ ಇಂಜಿನಿಯರು ಹೇಳಿದ್ರು. ಎಲ್ಲಾ ಕಾರಲ್ಲೂ ವಾಲ್ವ್ ಇರುತ್ತೆ, ಆ ಮಾತು ಬಿಡು ಅಂದ್ರು ಸಾರು. ನಾನು ಬಿಟ್ಟೆ. ಮುನಿಕೃಷ್ಣಣ್ಣ ಬಾಯಿಬಿಟ್ಟು ಕೇಳಿದ್ರು. ಇಲ್ಲ ಅಂತ ಸುಳ್ಳು ಹೇಳ್ದೆ.”

ರಸ್ತೆಯಲ್ಲಿ ರಾಯಕೋಟೆ ಬಸ್ಸು ಹಾರ್ನ್ ಹೊಡೆದು ಹೋಯಿತು.

“ಓದಿದವ್ಳು ಹೇಳ್ತಾಳೆ ಅಂತ ನಂಬಿದ್ದ ಕಣಮ್ಮ ನಿನ್ನ,” ಎಂದ ಆವುಲಪ್ಪ. ಬೈಗುಳವಾಗಿದ್ದರೆ ವಾಸಿಯಿತ್ತು.

“ಮಾಲಿನಿ, ಬ್ಯಾಗ್ ತಗೊಂಡು ಮನೆಗೆ ಹೋಗು. ನಾಳೆಯಿಂದ ಬರಬೇಡ,” ಎಂದ ಕಿರಣ್‌ಕುಮಾರ್. “ನೀವೆಲ್ಲಾ ಏನು ನೋಡ್ತಿದೀರಾ? ವೆಂಕಿ, ಯಜಮಾನರ ಇನ್ನೊಂದು ಕಾರೂ ಬಂದು ನಿಂತಿದೆ. ಅದೇ ಸ್ವಿಚ್ಚು. ಬಿಚ್ಚು ಹೋಗು.”

“ಮಷೀನು ಬಂತಾ ಸಾರ್?”

“ಬರುತ್ತೆ. ಮೊದಲು ನೀನು ಬಿಚ್ಚು.”

ವೆಂಕಿ ಸ್ಪ್ಯಾನರ್ ಎತ್ತಿಕೊಂಡ. ಎಣ್ಣೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ. ತಂದು ಮಾಲೀಕನ ಮುಂದೆ ಹಿಡಿದ.

“ವಾಲ್ವ್ ಇರ್ತದೆ ಅಂದ್ರಲ್ಲ ಸಾರ್. ಇವತ್ತು ನೀವೇ ಬಿಚ್ಚಿ. ನಾವು ನೋಡಿ ಕಲ್ತ್ಕೋತೀವಿ.”

ಕಿರಣ್‌ಕುಮಾರ್ ಕೈ ಚಾಚಲಿಲ್ಲ. ವೆಂಕಿ ಸ್ಪ್ಯಾನರನ್ನು ಕಾರಿನ ಮೂತಿಯ ಮೇಲೆ ಇಟ್ಟ. ಆವುಲಪ್ಪ ಬೆಸುಗೆಯ ಕರೆಂಟು ಆರಿಸಿದ.

ಮಾಲಿನಿ ರಾಮಲಕ್ಷ್ಮಮ್ಮನ ಕೈ ಹಿಡಿಯಲು ಹೋದಳು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ನನ್ನತ್ರ ಅಳಬ್ಯಾಡ ಕಣಮ್ಮ. ಅತ್ರೆ ಅವನ ಕಣ್ಣು ಬರ್ತದಾ? ಇಲ್ಲಿ ಹೇಳಿದ್ದು ನಾಲ್ಕು ಜನಕ್ಕೆ ಕೇಳಿಸ್ತು. ಆಸ್ಪತ್ರೇಲಿ ಫ್ರಿಜ್ಜು ಹಂಗೇ ಕುಂತದೆ. ಅಲ್ಲಿಗ್ ಬಂದು ಹೇಳು.”

ನಾಲ್ವರೂ ಆಸ್ಪತ್ರೆಗೆ ಹೋದಾಗ ದಾಖಲೆ ಬರೆಯುವ ಕಿಟಕಿಯೊಳಗಿದ್ದ ಹೆಂಗಸು ತಮಿಳಿನಲ್ಲಿ ಕೇಳಿದಳು. “ಪೇಷಂಟಿಗೆ ನೀವು ಏನಾಗಬೇಕು?”

“ಏನೂ ಆಗಬೇಕಿಲ್ಲ,” ಎಂದಳು ಮಾಲಿನಿ ತನ್ನ ಅರೆಬರೆ ತಮಿಳಿನಲ್ಲಿ. “ಇವರ ಗಂಡನ ಕಣ್ಣು ಹೋದದ್ದು ಮನೆಯಲ್ಲಿ ಅಲ್ಲ, ಗ್ಯಾರೇಜಿನಲ್ಲಿ. ಮಾಲೀಕರು ಹೇಳಿಸಿದ, ನಾನು ಹೇಳಿದ ಸುಳ್ಳಿನಿಂದ. ತಿದ್ದಿ ಬರೆಯಿರಿ.”

“ಅದೆಲ್ಲಾ ಹಾಗೆ ತಿದ್ದೋಕೆ ಬರಲ್ಲಮ್ಮ. ದೊಡ್ಡ ಡಾಕ್ಟರು ಹೇಳಬೇಕು. ಅವರು ಇವತ್ತು ಬರೋದು ಸಂಜೆಗೆ.”

ರಾಮಲಕ್ಷ್ಮಮ್ಮ ಕಿಟಕಿಯ ಕೆಳಗೆ ನೆಲದ ಮೇಲೆ ಕುಳಿತಳು. ಅವಳ ಪಕ್ಕದಲ್ಲಿ ಆವುಲಪ್ಪ ಕುಳಿತ, ವೆಂಕಿ ಕುಳಿತ. ಮಾಲಿನಿಗೆ ಯಾರೂ ಜಾಗ ಬಿಡಲಿಲ್ಲ. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು.

“ಸಂಜೇನೇ ಆಗ್ಲಿ,” ಎಂದಳು ರಾಮಲಕ್ಷ್ಮಮ್ಮ. “ಬರಕೊಳ್ಳೋಗಂಟ ನಾವು ಏಳಾಕಿಲ್ಲ.”